64 ಎಂಬಿ ದಾಟಿದರೆ ನಿಧಾನವಾಗುವ ಕಂಪ್ಯೂಟರ್: ತೀರ್ಥಹಳ್ಳಿ ಪ್ರೆಸ್ಸಿನ 430ಟಿಎಕ್ಸ್ ಬೋರ್ಡ್ ರಿಪೇರಿ ದಾಖಲೆ

ತೀರ್ಥಹಳ್ಳಿಯ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನ ಡಿಟಿಪಿ ಕಂಪ್ಯೂಟರ್ ಇದು. ಲಗ್ನಪತ್ರಿಕೆ, ಅಡಿಕೆ ಮಂಡಿಯ ಬಿಲ್ ಬುಕ್ಕು, ಎಳ್ಳಮಾವಾಸ್ಯೆ ಜಾತ್ರೆಯ ಕರಪತ್ರ, ಎಲ್ಲವೂ ಇದರಲ್ಲೇ ಆಗುತ್ತವೆ. ಹೊಸದು ತಗೊಳ್ಳದೆ ಇರುವುದಕ್ಕೆ ಕಾರಣ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್. ಕನ್ನಡ ಫಾಂಟಿನ ತಂತ್ರಾಂಶ ಆ ಡಾಂಗಲ್ ಇಲ್ಲದೆ ಏಳುವುದಿಲ್ಲ, ಹಳೆಯ ಫೈಲುಗಳೆಲ್ಲ ಆ ಫಾಂಟಿನ ಕೋಡಿನಲ್ಲೇ ಇವೆ. ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ಬಗ್ಗೆ ಮಾಲೀಕರ ಬೇಡಿಕೆ ಸರಳ: "ಫೋಟೋ ಕೆಲಸಕ್ಕೆ ಅರವತ್ನಾಲ್ಕು ಸಾಲ್ತಿಲ್ಲ ಮಾರಾಯ್ರೆ, ನೂರಿಪ್ಪತ್ತೆಂಟು ಮಾಡಿಕೊಡಿ."

ಆಷಾಢದಲ್ಲಿ ಮದುವೆಗಳಿಲ್ಲ, ಪತ್ರಿಕೆಯ ಕೆಲಸವೂ ಇಲ್ಲ. ಇಂಥ ಮೆಷಿನ್ ಬಿಚ್ಚಲು ಪ್ರೆಸ್ಸಿನವರಿಗೆ ಅನುಕೂಲವಾದ ಕಾಲ ಅದೇ. ಆದರೆ ಮಳೆ ಜೋರಾಗಿರುವುದೂ ಆಗಲೇ. ಹಾಗಾಗಿ ಕ್ಯಾಬಿನೆಟ್ಟನ್ನು ಪ್ಲಾಸ್ಟಿಕ್ ಸುತ್ತಿ ಶಿವಮೊಗ್ಗಕ್ಕೆ ತರಿಸಿ, ಒಣ ಕೋಣೆಯ ಮೇಜಿನ ಮೇಲೆ ಕೆಲಸ ಮಾಡಿದ್ದು.

ಒಳಗಿದ್ದದ್ದು: ಪೆಂಟಿಯಂ ಎಂಎಂಎಕ್ಸ್ 233 (66 × 3.5, ಕೋರ್ 2.8 ವೋಲ್ಟ್), ಸಿಪಿಯುವನ್ನು ರ‍್ಯಾಮ್ ಮತ್ತಿತರ ಭಾಗಗಳಿಗೆ ಜೋಡಿಸುವ ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್, ಬೋರ್ಡಿನ ಮೇಲೆ 512 ಕೆಬಿ ಪೈಪ್‌ಲೈನ್ ಬರ್ಸ್ಟ್ ಕ್ಯಾಶ್ (ಸಿಪಿಯು ಪದೇ ಪದೇ ಓದುವುದನ್ನು ಹತ್ತಿರ ಇಟ್ಟುಕೊಳ್ಳುವ ಪುಟ್ಟ, ಚುರುಕಿನ ಮೆಮೊರಿ), ರ‍್ಯಾಮ್ ಕೂರಿಸಲು 168 ಪಿನ್ನಿನ ಎರಡು ಡಿಮ್ ಸ್ಲಾಟ್, 72 ಪಿನ್ನಿನ ನಾಲ್ಕು ಸಿಮ್ ಸ್ಲಾಟ್, 32 ಎಂಬಿಯ ಎರಡು ಎಸ್‌ಡಿರ‍್ಯಾಮ್ ಸ್ಟಿಕ್, ವಿಂಡೋಸ್ 98 ಎಸ್‌ಇ, ಪೇಜ್‌ಮೇಕರ್ 6.5, ಫೋಟೋಶಾಪ್ 5.

ಕೆಳಗೆ ಆಜ್ಞೆಗಳನ್ನೂ ಫೈಲ್ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದಿದೆ. ಮೆಷಿನ್ ಮುಂದೆ ಕೂತಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

1. ಬಿಚ್ಚುವ ಮೊದಲು ಅಳತೆ

ರ‍್ಯಾಮ್ ಹಾಕುವ ಮುಂಚೆ ಈಗಿನ ವೇಗ ಎಷ್ಟು ಎಂದು ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ "ಸ್ವಲ್ಪ ಸ್ಪೀಡ್ ಆದ ಹಾಗಿದೆ" ಎನ್ನುವ ಮಾತಿನಲ್ಲೇ ಕೆಲಸ ಮುಗಿಯುತ್ತದೆ. ಸ್ಟಾಪ್‌ವಾಚ್ ಹಿಡಿದು ಮೂರು ಕೆಲಸ ಅಳೆದದ್ದು:

ಬೂಟ್: ಸ್ವಿಚ್ ಒತ್ತಿದಲ್ಲಿಂದ ಡೆಸ್ಕ್‌ಟಾಪಿನಲ್ಲಿ ಮರಳುಗಡಿಯಾರ ನಿಲ್ಲುವವರೆಗೆ. 52 ಸೆಕೆಂಡ್.

ಪುಟ: ಒಂದು ದೇವಸ್ಥಾನದ 16 ಪುಟದ ಸ್ಮರಣ ಸಂಚಿಕೆಯನ್ನು ಪೇಜ್‌ಮೇಕರಿನಲ್ಲಿ ತೆರೆದು ಪೋಸ್ಟ್‌ಸ್ಕ್ರಿಪ್ಟ್ ಫೈಲಾಗಿ ಬರೆಸುವುದು. 1 ನಿಮಿಷ 38 ಸೆಕೆಂಡ್.

ಫೋಟೋ: ಎ4 ಅಳತೆ, 300 ಡಿಪಿಐ, ನಾಲ್ಕು ಬಣ್ಣದ ಚಿತ್ರವನ್ನು ಫೋಟೋಶಾಪಿನಲ್ಲಿ 2 ಡಿಗ್ರಿ ತಿರುಗಿಸುವುದು. 2480 × 3508 ಪಿಕ್ಸೆಲ್, ಪಿಕ್ಸೆಲ್ಲಿಗೆ 4 ಬೈಟ್, ಅಂದರೆ ಚಿತ್ರವೊಂದೇ ಸುಮಾರು 33 ಎಂಬಿ. 4 ನಿಮಿಷ 10 ಸೆಕೆಂಡ್, ಅದರಲ್ಲಿ ಬಹುಪಾಲು ಹಾರ್ಡ್ ಡಿಸ್ಕಿನ ಗರಗರ ಸದ್ದು.

ಪ್ರತಿ ಅಳತೆಯನ್ನೂ ಎರಡೆರಡು ಸಲ, ನಡುವೆ ರೀಬೂಟ್ ಮಾಡಿ. ಒಮ್ಮೆ ತೆರೆದ ಫೈಲ್ ವಿಂಡೋಸಿನ ಡಿಸ್ಕ್ ಕ್ಯಾಶಿನಲ್ಲಿ ಉಳಿದಿರುತ್ತದೆ, ರೀಬೂಟ್ ಮಾಡದೆ ಎರಡನೇ ಸಲ ಅಳೆದರೆ ಸುಳ್ಳು ವೇಗ ಸಿಗುತ್ತದೆ.

2. ಕಿಲುಬು ಮತ್ತು ಬೂಷ್ಟು

ಮಲೆನಾಡಿನಲ್ಲಿ ರ‍್ಯಾಮ್ ದೂರುಗಳಲ್ಲಿ ಅರ್ಧಕ್ಕೆ ಸ್ಟಿಕ್ ಕಾರಣವಲ್ಲ, ಥಂಡಿ ಕಾರಣ. ಈ ಬೋರ್ಡಿನಲ್ಲೂ ಸ್ಲಾಟಿನ ಬುಡದಲ್ಲಿ ತೆಳು ಬೂಷ್ಟು ಇತ್ತು, ಡಿಮ್‌ನ ಸಂಪರ್ಕಗಳ ತುದಿಯಲ್ಲಿ ಕಂದು ಗೆರೆ. ಸ್ಟಿಕ್ ಸ್ಲಾಟಿನಲ್ಲಿ ಕೂತಾಗ ಸ್ಪ್ರಿಂಗ್ ಪಿನ್ ಒತ್ತುವ ಜಾಗ ಮಾತ್ರ ಹೊಳೆಯುತ್ತಿತ್ತು, ಅದರ ಮೇಲೆ ಕೆಳಗೆ ಮಂಕು. ಅದೇ ಸ್ಟಿಕ್ಕನ್ನು ಅರ್ಧ ಮಿಲಿಮೀಟರ್ ಓರೆಯಾಗಿ ಕೂರಿಸಿದರೆ ಪಿನ್ ಮಂಕು ಜಾಗದ ಮೇಲೆ ಬರುತ್ತದೆ. ನಿನ್ನೆ ಓಡಿದ ಮೆಷಿನ್ ಇವತ್ತು ಬೀಪ್ ಹೊಡೆಯುವುದು ಹೀಗೆ.

ಸ್ಟಿಕ್ಕಿಗೆ ಬಿಳಿ ರಬ್ಬರ್, ಎರಡೂ ಬದಿಯ 84 ಸಂಪರ್ಕಗಳ ಮೇಲೆ ಮೇಲಿನಿಂದ ತುದಿಯ ಕಡೆಗೆ ಮಾತ್ರ ಉಜ್ಜುವುದು. ಇದನ್ನು ಕ್ಯಾಬಿನೆಟ್ಟಿನಿಂದ ದೂರದಲ್ಲಿ ಮಾಡಬೇಕು, ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ರಗಳೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸುವುದು. ಸ್ಲಾಟಿಗೆ ಮೆತ್ತನೆಯ ಟೂತ್‌ಬ್ರಷ್, ಅದೇ ಆಲ್ಕೋಹಾಲ್. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆಯುವವರಿದ್ದಾರೆ, ಬೇಡ. ಎಣ್ಣೆಯ ಪದರ ಉಳಿದು ಧೂಳು ಹಿಡಿಯುತ್ತದೆ, ಮುಂದಿನ ಮಳೆಗಾಲಕ್ಕೆ ಮೊದಲಿಗಿಂತ ಕೆಟ್ಟಿರುತ್ತದೆ. ಬೋರ್ಡನ್ನು ರಾತ್ರಿಯಿಡೀ 60 ವ್ಯಾಟ್ ಬಲ್ಬ್ ಉರಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಒಣಗಿಸಿದ್ದು. ಬಲ್ಬಿಗೂ ಬೋರ್ಡಿಗೂ ಒಂದಡಿ, ಬಲ್ಬಿಗೂ ರಟ್ಟಿಗೂ ಅಷ್ಟೇ ಅಂತರ ಇರಲಿ, ಪೆಟ್ಟಿಗೆಯ ಮೇಲ್ಭಾಗ ತೆರೆದಿರಲಿ.

ಸಿಆರ್2032 ಬ್ಯಾಟರಿ 2.4 ವೋಲ್ಟಿಗೆ ಇಳಿದಿತ್ತು, ಬದಲಾಯಿಸಿದ್ದು. ಬ್ಯಾಟರಿ ಸತ್ತ ಬೋರ್ಡಿನಲ್ಲಿ ಬಯೋಸ್ (ಸ್ವಿಚ್ ಒತ್ತಿದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ತನ್ನ ಮೂಲ ಸೆಟ್ಟಿಂಗಿಗೆ ಮರಳುತ್ತದೆ. ಕೆಲವು ಬೋರ್ಡುಗಳಲ್ಲಿ ಆ ಮೂಲ ಸೆಟ್ಟಿಂಗಿನಲ್ಲಿ ಎಕ್ಸ್‌ಟರ್ನಲ್ ಕ್ಯಾಶ್, ಅಂದರೆ ಬೋರ್ಡಿನ ಮೇಲಿನದು, ಆಫ್ ಆಗಿರುತ್ತದೆ. "ಕಂಪ್ಯೂಟರ್ ಇದ್ದಕ್ಕಿದ್ದಂತೆ ಸ್ಲೋ" ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಬೇಕು.

3. 128ರ ಸ್ಟಿಕ್, ಲೆಕ್ಕಕ್ಕೆ ಬಂದದ್ದು 64

ಮೊದಲು ಸಿಕ್ಕಿದ್ದು ಒಂದೇ ಬದಿಯಲ್ಲಿ 8 ಚಿಪ್ ಇರುವ 128 ಎಂಬಿ ಸ್ಟಿಕ್. ಹಾಕಿ ಆನ್ ಮಾಡಿದರೆ ಬಯೋಸಿನ ಎಣಿಕೆ 65536ಕ್ಕೆ ನಿಂತಿತು, ಅಂದರೆ 64 ಎಂಬಿ. ಸ್ಲಾಟ್ ಬದಲಿಸಿದರೂ ಅಷ್ಟೇ. ಸ್ಟಿಕ್ ಕೆಟ್ಟಿಲ್ಲ, ಬೇರೊಂದು ಪೆಂಟಿಯಂ 3 ಬೋರ್ಡಿನಲ್ಲಿ ಪೂರ್ತಿ 128 ತೋರಿಸಿತು.

ಕಾರಣ ಚಿಪ್ಪಿನ ಮೇಲೇ ಬರೆದಿದೆ. ಸ್ಯಾಮ್‌ಸಂಗ್ ಚಿಪ್ಪಿನಲ್ಲಿ ಕೆ4ಎಸ್ ಆದ ಮೇಲೆ 64 ಎಂದಿದ್ದರೆ ಅದು 64 ಮೆಗಾಬಿಟ್ (8 ಮೆಗಾಬಿಟ್ ಸೇರಿದರೆ 1 ಎಂಬಿ), 28 ಎಂದಿದ್ದರೆ 128 ಮೆಗಾಬಿಟ್, 56 ಎಂದಿದ್ದರೆ 256 ಮೆಗಾಬಿಟ್. ಮೈಕ್ರಾನ್ ಚಿಪ್ಪಿನಲ್ಲಿ 48ಎಲ್‌ಸಿ ಆದ ಮೇಲೆ 8ಎಂ8 ಎಂದರೆ 64 ಮೆಗಾಬಿಟ್, 16ಎಂ8 ಎಂದರೆ 128. ನಮ್ಮ ಸ್ಟಿಕ್ಕಿನಲ್ಲಿ ಇದ್ದದ್ದು 28. 430ಟಿಎಕ್ಸ್ ತಿಳಿದಿರುವುದು 64 ಮೆಗಾಬಿಟ್ ಚಿಪ್ಪಿನವರೆಗೆ ಮಾತ್ರ. 64 ಮೆಗಾಬಿಟ್‌ನ ಎಂಟು-ಬಿಟ್ ಚಿಪ್ಪಿಗೆ ಕಾಲಂ ವಿಳಾಸದ (ಚಿಪ್ಪಿನೊಳಗಿನ ಒಂದು ಸಾಲಿನಲ್ಲಿ ಯಾವ ಜಾಗ ಎಂದು ಹೇಳುವ) 9 ಬಿಟ್ ಸಾಕು, 128ರದ್ದಕ್ಕೆ 10 ಬೇಕು. ಹಳೆಯ ಬಯೋಸ್ ಸ್ಟಿಕ್ಕಿನ ಅಳತೆ ಕಂಡುಹಿಡಿಯುವುದು ಒಂದು ವಿಳಾಸದಲ್ಲಿ ಗುರುತು ಬರೆದು, ದೂರದ ಇನ್ನೊಂದು ವಿಳಾಸದಲ್ಲಿ ಅದೇ ಗುರುತು ಸುತ್ತಿ ಬಂದು ಕಾಣುತ್ತದೆಯೇ ಎಂದು ನೋಡಿ. ಗುರುತು ಎಲ್ಲಿ ಮರಳಿ ಕಾಣುತ್ತದೋ ಅಲ್ಲಿಗೆ ಸ್ಟಿಕ್ ಮುಗಿಯಿತು ಎಂದು ಅದರ ತೀರ್ಮಾನ. ಕಾಲಂ ವಿಳಾಸದ ಹತ್ತನೇ ಬಿಟ್ಟನ್ನು ಈ ಬೋರ್ಡ್ ಬಳಸುವುದೇ ಇಲ್ಲವಾದ್ದರಿಂದ ಅರ್ಧ ಸ್ಟಿಕ್ ಅದಕ್ಕೆ ಕಾಣಿಸುವುದಿಲ್ಲ. ಬಯೋಸ್ ಅಪ್‌ಡೇಟಿನಿಂದ ಇದು ಸರಿಹೋಗುವುದಿಲ್ಲ, ಅಡ್ಡಿ ಇರುವುದು ಚಿಪ್‌ಸೆಟ್ಟಿನಲ್ಲಿ.

ಈ ಬೋರ್ಡಿಗೆ ಹೊಂದುವುದು ಎರಡು ಬಗೆ: ಎರಡೂ ಬದಿ ಸೇರಿ 16 ಚಿಪ್ ಇರುವ 128 ಎಂಬಿ, ಇಲ್ಲವೆ 8 ಚಿಪ್ಪಿನ 64 ಎಂಬಿ ಎರಡು. ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆ ಸಾಮಾನಿನ ಅಂಗಡಿಯಿಂದ ಎರಡನೆಯದನ್ನು ತರಿಸಿದ್ದು. ಫೋನಿನಲ್ಲಿ ಕೇಳುವಾಗ "128 ಇದೆಯಾ" ಎಂದು ಕೇಳಿದರೆ ಪ್ರಯೋಜನವಿಲ್ಲ. ಚಿಪ್ಪಿನ ನಂಬರ್ ಓದಿಸಿ ಅಥವಾ ಫೋಟೋ ತರಿಸಿ. ಸಿಮ್ ಸ್ಲಾಟಿನಲ್ಲಿ ಹಳೆಯ ಇಡಿಓ ಸ್ಟಿಕ್ ಸೇರಿಸಿ ಮೊತ್ತ ಏರಿಸುವ ಆಸೆಯೂ ಬೇಡ, ಅವು 5 ವೋಲ್ಟಿನವು, ಡಿಮ್ 3.3 ವೋಲ್ಟಿನದು.

4. ಬಯೋಸನ್ನೇ ಕೇಳುವುದು

64ರ ಎರಡು ಸ್ಟಿಕ್ ಕೂರಿಸಿದ ಮೇಲೆ ಎಣಿಕೆ 131072 ಬಂತು. ಮೆಮ್‌ಟೆಸ್ಟ್86+ ಎಂಬ ರ‍್ಯಾಮ್ ಪರೀಕ್ಷೆಯನ್ನು ಫ್ಲಾಪಿಯಿಂದ ರಾತ್ರಿಯಿಡೀ ಓಡಿಸಿದಾಗ ಒಂದೂ ತಪ್ಪಿಲ್ಲ.

ಆದರೆ ಪರದೆಯ ಎಣಿಕೆ ಒಂದು, ಆಪರೇಟಿಂಗ್ ಸಿಸ್ಟಮ್ಮಿಗೆ ಬಯೋಸ್ ಹೇಳುವ ಲೆಕ್ಕ ಇನ್ನೊಂದು ಆಗಿರಬಹುದು. ಅದನ್ನು ನೇರವಾಗಿ ನೋಡಬಹುದು. ಹೈಮೆಮ್ (ಡಾಸ್‌ನಲ್ಲಿ ಮೆಮೊರಿ ನೋಡಿಕೊಳ್ಳುವ ಡ್ರೈವರ್) ಲೋಡ್ ಆಗದ ಬರಿ ಬೂಟ್ ಫ್ಲಾಪಿಯಲ್ಲಿ ಡಿಬಗ್.ಇಎಕ್ಸ್‌ಇ ಹಾಕಿಕೊಂಡು ಬೂಟ್ ಮಾಡಬೇಕು. ಹೈಮೆಮ್ ಲೋಡ್ ಆಗಿದ್ದರೆ ಅದು ನಡುವೆ ನಿಂತು ತನ್ನದೇ ಉತ್ತರ ಕೊಡುತ್ತದೆ. ಡಿಬಗ್ ಒಳಗೆ:

ಎ 100
ಎಂಒವಿ ಎಎಕ್ಸ್,ಇ801
ಐಎನ್‌ಟಿ 15
ಐಎನ್‌ಟಿ 3
(ಖಾಲಿ ಎಂಟರ್)
ಜಿ

ರಿಜಿಸ್ಟರುಗಳ (ಸಿಪಿಯು ಒಳಗೆ ಸಂಖ್ಯೆ ಇಡುವ ಪುಟ್ಟ ಗೂಡುಗಳು) ಸಾಲು ಬರುತ್ತದೆ. ಎಎಕ್ಸ್‌ನಲ್ಲಿ ಇರುವುದು 1ರಿಂದ 16 ಎಂಬಿವರೆಗಿನ ಮೆಮೊರಿ, ಕೆಬಿ ಲೆಕ್ಕದಲ್ಲಿ. ಹದಿನಾರರ ಲೆಕ್ಕದ (ಹೆಕ್ಸ್) 3ಸಿ00 ಬಂದರೆ 15360 ಕೆಬಿ, ಅಂದರೆ ಪೂರ್ತಿ 15 ಎಂಬಿ. ಬಿಎಕ್ಸ್‌ನಲ್ಲಿ 16 ಎಂಬಿಯ ಮೇಲಿನದು, 64 ಕೆಬಿಯ ತುಂಡುಗಳ ಲೆಕ್ಕದಲ್ಲಿ. ಹಳೆಯ 64 ಎಂಬಿ ಇದ್ದಾಗ 0300 ಬಂದಿತ್ತು, ಈಗ 0700. ಹದಿನಾರರ ಲೆಕ್ಕದ 0700 ಎಂದರೆ 1792, ಅದನ್ನು 64 ಕೆಬಿಯಿಂದ ಗುಣಿಸಿದರೆ 112 ಎಂಬಿ, ಕೆಳಗಿನ 16 ಸೇರಿಸಿ 128. ಸರಿ ಇದೆ.

ಈ ಬೋರ್ಡಿನಲ್ಲಿ ಮೊದಲ ಸಲ ಎಎಕ್ಸ್ 3800 ತೋರಿಸಿತು, ಒಂದು ಎಂಬಿ ಕಡಿಮೆ. ಬಯೋಸ್ ಸೆಟಪ್ಪಿನಲ್ಲಿ "ಮೆಮೊರಿ ಹೋಲ್ 15ಎಂ-16ಎಂ" ಯಾರೋ ಆನ್ ಮಾಡಿಟ್ಟಿದ್ದರು. ಕೆಲವು ಹಳೆಯ ಐಎಸ್‌ಎ ಕಾರ್ಡುಗಳಿಗೆ ಬಿಟ್ಟರೆ ಅದು ಯಾವುದಕ್ಕೂ ಬೇಡ. ಅದು ಆನ್ ಇದ್ದರೆ ಕೆಲವು ತಂತ್ರಾಂಶಗಳು ತೂತಿನ ಆಚೆ ಇರುವ ಮೆಮೊರಿಯನ್ನೇ ನೋಡುವುದಿಲ್ಲ. ಆಫ್ ಮಾಡಿದ್ದು.

ಬಯೋಸನ್ನು ಕೇಳುವ ಈ ಇ801 ಕರೆಗಿಂತ ಹಳೆಯ ಕರೆ 88. ಮೇಲಿನ ಸಾಲಿನಲ್ಲಿ ಇ801 ಬದಲು 8800 ಕೊಟ್ಟರೆ ಸಾಕು. ಅದರ ಉತ್ತರ ಒಂದೇ 16 ಬಿಟ್ ರಿಜಿಸ್ಟರಿನಲ್ಲಿ ಕೆಬಿ ಲೆಕ್ಕದಲ್ಲಿ ಬರುವುದರಿಂದ 64 ಎಂಬಿಗಿಂತ ಹೆಚ್ಚು ಹೇಳುವುದಕ್ಕೆ ಅದಕ್ಕೆ ಜಾಗವೇ ಇಲ್ಲ. ಇಲ್ಲಿ ಎಫ್‌ಸಿ00 ಬಂತು: 64512 ಕೆಬಿ, 63 ಎಂಬಿ. ಡಾಸ್ 6.22ರ ಹೈಮೆಮ್, 2.0 ಕಾಲದ ಲಿನಕ್ಸ್ ಕರ್ನಲ್ ಇವೆಲ್ಲ ಈ ಕರೆಯನ್ನೇ ನಂಬಿದವು, ಹಾಗಾಗಿ ಎಷ್ಟೇ ರ‍್ಯಾಮ್ ಹಾಕಿದರೂ ಅವುಗಳಿಗೆ 64 ಎಂಬಿಯೇ ಕಾಣುವುದು. ಆ ಲಿನಕ್ಸಿಗೆ ಬೂಟ್ ಮಾಡುವಾಗ ಮೆಮ್=128ಎಂ ಎಂದು ಕೈಯಾರೆ ಹೇಳಬೇಕು. ವಿಂಡೋಸ್ 98ರ ಹೈಮೆಮ್ಮಿಗೆ ಹೊಸ ಕರೆಗಳು ಗೊತ್ತಿವೆ.

ಮೂರನೆಯ ಕರೆ ಇ820. ಅದು ಒಟ್ಟು ಮೊತ್ತದ ಬದಲು ನಕ್ಷೆಯನ್ನೇ ಕೊಡುತ್ತದೆ: ಎಲ್ಲಿಂದ ಎಷ್ಟು ಉದ್ದ, ಬಳಸಬಹುದೇ, ಕಾದಿರಿಸಿದ್ದೇ. ಉತ್ತರ ತುಂಡುತುಂಡಾಗಿ ಬರುವುದರಿಂದ ಡಿಬಗ್‌ನ ಮೂರು ಸಾಲಿಗೆ ಸಿಗುವುದಿಲ್ಲ. 2.4 ಅಥವಾ ಅದಕ್ಕಿಂತ ಹೊಸ ಕರ್ನಲ್ಲಿನ ಲಿನಕ್ಸ್ ಬೂಟ್ ಮಾಡಿ ಡಿಮೆಸೆಜ್ (ಬೂಟ್ ಸಂದೇಶಗಳ ಪಟ್ಟಿ) ನೋಡಿದರೆ ಮೊದಲ ಸಾಲುಗಳಲ್ಲೇ ಇರುತ್ತದೆ.

5. ಹೆಚ್ಚು ರ‍್ಯಾಮ್, ಕಡಿಮೆ ವೇಗ

ವಿಂಡೋಸ್ ಒಳಗೆ 128.0 ಎಂಬಿ ಎಂದು ಬಂತು. ಅಳತೆಗಳು:

ಬೂಟ್ 61 ಸೆಕೆಂಡ್ (ಮೊದಲು 52).
ಪುಟ 1 ನಿಮಿಷ 55 ಸೆಕೆಂಡ್ (ಮೊದಲು 1:38).
ಫೋಟೋ 1 ನಿಮಿಷ 45 ಸೆಕೆಂಡ್ (ಮೊದಲು 4:10).

ಫೋಟೋ ಕೆಲಸಕ್ಕೆ ದೊಡ್ಡ ಲಾಭ. ಆದರೆ ದಿನವಿಡೀ ನಡೆಯುವ ಪುಟದ ಕೆಲಸ ಹೆಚ್ಚುಕಡಿಮೆ ಆರನೇ ಒಂದು ಭಾಗ ನಿಧಾನವಾಯಿತು. ಇದನ್ನು ಹೀಗೇ ವಾಪಸ್ ಕಳಿಸಿದರೆ ಪ್ರೆಸ್ಸಿನವರು ಹೊಸ ರ‍್ಯಾಮೇ ಸರಿಯಿಲ್ಲ ಎನ್ನುತ್ತಾರೆ. ಅವರ ಅನುಭವದ ಮಟ್ಟಿಗೆ ಆ ಮಾತು ನಿಜವೂ ಹೌದು.

6. ಗಡಿ ಎಲ್ಲಿದೆ

430ಟಿಎಕ್ಸ್ ಬೋರ್ಡಿಗೆ 256 ಎಂಬಿವರೆಗೆ ರ‍್ಯಾಮ್ ಹಾಕಬಹುದು. ಆದರೆ ಬೋರ್ಡಿನ ಮೇಲಿನ ಎಲ್2 (ಎರಡನೇ ಹಂತದ) ಕ್ಯಾಶ್ ಕಾಯುವುದು ಕೆಳಗಿನ 64 ಎಂಬಿಯನ್ನು ಮಾತ್ರ. ಕ್ಯಾಶಿನಲ್ಲಿರುವ ಪ್ರತಿ ಸಾಲೂ ಯಾವ ವಿಳಾಸದಿಂದ ಬಂದದ್ದು ಎಂದು ಗುರುತಿಡುವುದು ಟ್ಯಾಗ್ ಎಂಬ ಪುಟ್ಟ ಚಿಪ್ಪು. ಆ ಗುರುತು 8 ಬಿಟ್. ಎಂಟು ಬಿಟ್ಟಿನಲ್ಲಿ 256 ಗುರುತು, ಒಂದೊಂದಕ್ಕೆ 256 ಕೆಬಿ, ಒಟ್ಟು 64 ಎಂಬಿ. ಕ್ಯಾಶ್ 512 ಕೆಬಿ ಇದ್ದರೂ ಟಿಎಕ್ಸ್‌ನಲ್ಲಿ ಈ ಗಡಿ 64 ದಾಟುವುದಿಲ್ಲ, ಚಿಪ್‌ಸೆಟ್ ಮಾಡಿದ್ದೇ ಹಾಗೆ.

ಗಡಿಯ ಮೇಲಿನ ಮೆಮೊರಿ ಓದಿದಾಗ ಎಲ್2 ಸುಮ್ಮನಿರುತ್ತದೆ. ಸಿಪಿಯು ಒಳಗಿನ 16+16 ಕೆಬಿ ಎಲ್1 ಮಾತ್ರ ಕೆಲಸ ಮಾಡುತ್ತದೆ. ಇದಕ್ಕೆ ಸೇರಿಕೊಂಡದ್ದು ವಿಂಡೋಸ್ 95, 98ರ ಅಭ್ಯಾಸ: ಅವು ಮೆಮೊರಿಯನ್ನು ಮೇಲಿನ ತುದಿಯಿಂದ ತೆಗೆದುಕೊಳ್ಳುತ್ತಾ ಕೆಳಗೆ ಬರುತ್ತವೆ. ಹಾಗಾಗಿ ಮೊದಲು ಲೋಡ್ ಆಗುವ, ಸದಾ ಓಡುವ ವಿಂಡೋಸಿನ ಭಾಗಗಳೇ ಕ್ಯಾಶ್ ಇಲ್ಲದ ಜಾಗದಲ್ಲಿ ಹೋಗಿ ಕೂರುತ್ತವೆ. ಮನೆಯೊಳಗೆ ಜಾಗ ಖಾಲಿ ಇಟ್ಟುಕೊಂಡು ಅಡಿಗೆಯನ್ನು ಅಂಗಳದಲ್ಲಿ ಮಳೆಗೆ ಮಾಡಿದ ಹಾಗೆ.

ಇದನ್ನು ಕಣ್ಣಾರೆ ನೋಡಲು ಡಾಸ್‌ನ ಕ್ಯಾಶ್‌ಚೆಕ್ ಸಾಕು. ಇಎಂಎಂ386 (ಡಾಸ್‌ನ ಇನ್ನೊಂದು ಮೆಮೊರಿ ಡ್ರೈವರ್) ಲೋಡ್ ಆಗಿರಬಾರದು, ವಿಂಡೋಸ್ ಒಳಗಿನ ಡಾಸ್ ಕಿಟಕಿಯಿಂದ ಓಡಿಸಬಾರದು. ಒಂದೊಂದು ಎಂಬಿ ಜಾಗದಲ್ಲೂ ಚಿಕ್ಕ ತುಂಡಿನಿಂದ ದೊಡ್ಡ ತುಂಡಿನವರೆಗೆ ಓದಿ ಸಮಯ ಬರೆಯುತ್ತದೆ. ಕೆಳಗಿನ ಎಂಬಿಗಳಲ್ಲಿ ಮೂರು ಮೆಟ್ಟಿಲು ಸ್ಪಷ್ಟವಾಗಿ ಕಂಡವು: 16 ಕೆಬಿ ತುಂಡಿನವರೆಗೆ ಒಂದು ವೇಗ, 512 ಕೆಬಿವರೆಗೆ ಎರಡನೆಯದು, ಅದರಾಚೆ ಮೂರನೆಯದು. 64ರ ಮೇಲಿನ ಎಂಬಿಗಳಲ್ಲಿ ನಡುವಿನ ಮೆಟ್ಟಿಲೇ ಇಲ್ಲ, 16 ಕೆಬಿ ದಾಟಿದೊಡನೆ ಸೀದಾ ಕೆಳಕ್ಕೆ. ಸ್ಟಿಕ್ಕುಗಳನ್ನು ಅದಲುಬದಲು ಮಾಡಿದರೂ ಗಡಿ ಅಲ್ಲೇ ಇತ್ತು. ಹೀಗೆ ಅದಲುಬದಲು ಮಾಡಿ ನೋಡುವುದು ಅಗತ್ಯ: ನಿಧಾನ ಸ್ಟಿಕ್ಕಿನ ಜೊತೆ ಓಡಾಡಿದರೆ ತೊಂದರೆ ಸ್ಟಿಕ್ಕಿನದು, ವಿಳಾಸದ ಜೊತೆ ನಿಂತರೆ ಬೋರ್ಡಿನದು.

7. ಫಲಿಸದ ದಾರಿಗಳು

ಮೊದಲನೆಯದು, ಸಿಸ್ಟಂ.ಐಎನ್‌ಐ ಫೈಲಿನ 386ಇಎನ್‌ಎಚ್ ಭಾಗದಲ್ಲಿ ಮ್ಯಾಕ್ಸ್‌ಫಿಸ್‌ಪೇಜ್=04000. ಪುಟವೊಂದಕ್ಕೆ 4 ಕೆಬಿ, 4000 ಹದಿನಾರರ ಲೆಕ್ಕದಲ್ಲಿ 16384 ಪುಟ, ಅಂದರೆ 64 ಎಂಬಿಗೆ ವಿಂಡೋಸನ್ನು ಕಟ್ಟಿಹಾಕುವುದು. ಪುಟದ ಕೆಲಸ ಹಳೆಯ ವೇಗಕ್ಕೆ ಮರಳಿತು. ಆದರೆ ಮೇಲಿನ 64 ಎಂಬಿ ಸುಮ್ಮನೆ ಕೂತಿತು, ಫೋಟೋ ಕೆಲಸ ಮತ್ತೆ ನಾಲ್ಕು ನಿಮಿಷ ದಾಟಿತು. ರೋಗ ಇದೇ ಎಂದು ಖಚಿತಪಡಿಸಿಕೊಳ್ಳಲು ಈ ಸಾಲು ಒಳ್ಳೆಯದು, ಔಷಧಿಯಾಗಿ ಅಲ್ಲ. ಪರೀಕ್ಷೆ ಮುಗಿದ ಮೇಲೆ ತೆಗೆಯಲು ಮರೆಯಬಾರದು.

ಎರಡನೆಯದು, ಮೇಲಿನ 64 ಎಂಬಿಯನ್ನು ರ‍್ಯಾಮ್ ಡಿಸ್ಕ್ (ಮೆಮೊರಿಯಲ್ಲೇ ಮಾಡಿದ ತಾತ್ಕಾಲಿಕ ಡ್ರೈವ್) ಮಾಡಿ ವಿಂಡೋಸಿನ ಸ್ವಾಪ್ ಫೈಲನ್ನು (ರ‍್ಯಾಮ್ ಸಾಲದಾಗ ಅದರಲ್ಲಿದ್ದದ್ದನ್ನು ಇಡುವ ಫೈಲ್) ಅಲ್ಲಿಡುವುದು. ಕೇಳಲು ಚಂದ. ಮಾಡಿ ನೋಡಿದರೆ ಸಿಸ್ಟಂ ಪ್ರಾಪರ್ಟೀಸಿನ ಪರ್ಫಾರ್ಮೆನ್ಸ್ ಹಾಳೆಯಲ್ಲಿ ಎಚ್ಚರಿಕೆ ಬಂತು: ಸ್ವಾಪ್ ಕಂಪ್ಯಾಟಿಬಿಲಿಟಿ ಮೋಡಿನಲ್ಲಿ ನಡೆಯುತ್ತಿದೆ, ಒಟ್ಟು ವೇಗ ಕುಗ್ಗುತ್ತದೆ ಎಂದು. ಡಾಸ್ ಡ್ರೈವರಿನ ಡಿಸ್ಕನ್ನು ವಿಂಡೋಸ್ 32 ಬಿಟ್ ದಾರಿಯಲ್ಲಿ ಮುಟ್ಟಲಾರದು, ಪ್ರತಿ ಸಲವೂ ಡಾಸ್‌ಗೆ ಇಳಿದು ಹತ್ತಬೇಕು. ಸ್ವಾಪ್ ಫೈಲ್ ಮತ್ತೆ ಸಿ ಡ್ರೈವಿಗೆ.

ಮೂರನೆಯದು ಸಿಪಿಯು ಬದಲಿಸುವುದು, ಇದು ಕಾಗದದ ಮೇಲಷ್ಟೇ ಉಳಿಯಿತು. ಎಎಂಡಿಯ ಕೆ6-3 ಒಳಗೆ 256 ಕೆಬಿ ಎಲ್2 ಇದೆ, ಕೆ6-2 ಪ್ಲಸ್ ಒಳಗೆ 128 ಕೆಬಿ. ಆ ಕ್ಯಾಶಿಗೆ ಬೋರ್ಡಿನ ಟ್ಯಾಗಿನ ಹಂಗಿಲ್ಲ, ಹಾಕಿದ ಅಷ್ಟೂ ರ‍್ಯಾಮನ್ನು ಕಾಯುತ್ತದೆ, ಬೋರ್ಡಿನ 512 ಕೆಬಿ ಆಗ ಎಲ್3 ಆಗುತ್ತದೆ. ಪ್ಲಸ್ ಇಲ್ಲದ ಬರಿ ಕೆ6-2ರ ಒಳಗೆ ಎಲ್2 ಇಲ್ಲ, ಅದನ್ನು ತಂದರೆ ಈ ತೊಂದರೆ ಹಾಗೇ ಇರುತ್ತದೆ. ಕೆ6-3ಕ್ಕೆ 2.4 ಅಥವಾ 2.2 ವೋಲ್ಟ್, ಕೆ6-2 ಪ್ಲಸ್‌ಗೆ 2.0 ವೋಲ್ಟ್ ಬೇಕು. ಈ ಬೋರ್ಡಿನ ಮೇಲೆ ಅಚ್ಚಾದ ಜಂಪರ್ ಪಟ್ಟಿ 2.8ಕ್ಕಿಂತ ಕೆಳಗಿಳಿಯುವುದಿಲ್ಲ. ಅಚ್ಚಾಗದ ಜಂಪರ್ ಜೋಡಣೆಗಳನ್ನು ಮೀಟರ್ ಹಿಡಿದು ಹುಡುಕುವವರಿದ್ದಾರೆ. ಅನ್ನ ಕೊಡುವ ಮೆಷಿನ್ ಮೇಲೆ ಆ ಪ್ರಯೋಗ ಸಲ್ಲದು.

8. ಒಪ್ಪಿದ ದಾರಿ: ಬೂಟ್ ಆಗುವಾಗಲೇ ಎರಡು ಬಾಗಿಲು

ಪುಟದ ಕೆಲಸಕ್ಕೆ ವಿಂಡೋಸ್ ಕೆಳಗಿನ 64ರಲ್ಲಿ ಇರಬೇಕು. ಫೋಟೋ ಕೆಲಸಕ್ಕೆ ಪೂರ್ತಿ 128 ಬೇಕು, ಏಕೆಂದರೆ ಎಲ್2 ಇಲ್ಲದ ರ‍್ಯಾಮ್ ಕೂಡ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಾಲು ಚುರುಕು. ಎರಡೂ ಒಂದೇ ಸೆಟ್ಟಿಂಗಿನಲ್ಲಿ ಆಗದು. ಆದ್ದರಿಂದ ಕಾನ್ಫಿಗ್.ಸಿಸ್‌ನಲ್ಲಿ ಮೆನು:

[ಮೆನು]
ಮೆನುಐಟಂ=ಪುಟ
ಮೆನುಐಟಂ=ಫೋಟೋ
ಮೆನುಡಿಫಾಲ್ಟ್=ಪುಟ,8
[ಪುಟ]
[ಫೋಟೋ]
[ಕಾಮನ್]
ಡಿವೈಸ್=ಸಿ:\ವಿಂಡೋಸ್\ಹೈಮೆಮ್.ಸಿಸ್
ಲಾಸ್ಟ್‌ಡ್ರೈವ್=ಝಡ್

ಏನೂ ಒತ್ತದಿದ್ದರೆ 8 ಸೆಕೆಂಡಿನ ನಂತರ ಪುಟ. ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಕಾನ್ಫಿಗ್ ಎಂಬ ವೇರಿಯಬಲ್ ಫೋಟೋ ಆಗಿದ್ದರೆ ಕೊನೆಗೆ ಹಾರುವುದು, ಇಲ್ಲದಿದ್ದರೆ ರ‍್ಯಾಮ್ ಡಿಸ್ಕ್ ಮಾಡಿ ಟೆಂಪನ್ನು (ತಾತ್ಕಾಲಿಕ ಫೈಲುಗಳ ಫೋಲ್ಡರ್) ಅಲ್ಲಿಡುವ ಈ ನಾಲ್ಕು ಸಾಲು:

ಸಿ:\ಯುಟಿಲ್\ಎಕ್ಸ್‌ಎಂಎಸ್‌ಡಿಎಸ್‌ಕೆ 65536 ಆರ್: /ಟಿ /ವೈ
ಎಂಡಿ ಆರ್:\ಟೆಂಪ್
ಸೆಟ್ ಟೆಂಪ್=ಆರ್:\ಟೆಂಪ್
ಸೆಟ್ ಟಿಎಂಪಿ=ಆರ್:\ಟೆಂಪ್

ಇಲ್ಲಿ ಜೀವ ಇರುವುದು /ಟಿ ಎಂಬುದರಲ್ಲಿ. ರ‍್ಯಾಮ್ ಡಿಸ್ಕನ್ನು ಮೆಮೊರಿಯ ಮೇಲಿನ ತುದಿಯಿಂದ ತೆಗೆದುಕೊ ಎಂದು ಅದರ ಅರ್ಥ. ಅದಿಲ್ಲದೆ ಓಡಿಸಿದರೆ ಡಿಸ್ಕು ಕ್ಯಾಶ್ ಇರುವ ಕೆಳಗಿನ ಜಾಗವನ್ನೇ ನುಂಗಿ, ವಿಂಡೋಸನ್ನು ಪೂರ್ತಿ ಮೇಲಕ್ಕೆ ತಳ್ಳುತ್ತದೆ. ಹಾಗೆ ಮಾಡಿ ಅಳೆದಾಗ ಪುಟದ ಕೆಲಸ ಎರಡು ನಿಮಿಷ ದಾಟಿತು. ಬರೆಯುವ ಸಂಖ್ಯೆ ಕೆಬಿ ಲೆಕ್ಕದ್ದು. ಮೇಲಿನ 64 ಎಂಬಿ ಸರಿಯಾಗಿ ತುಂಬಿದರೆ ವಿಂಡೋಸಿಗೆ ಗಡಿಯ ಕೆಳಗಿನದು ಬಿಟ್ಟರೆ ಬೇರೆ ಜಾಗವಿಲ್ಲ.

ಟೆಂಪನ್ನು ನೇರ ಆರ್:\ ಎಂದು ಇಡಬಾರದು. ಎಫ್‌ಎಟಿ16 ಡಿಸ್ಕಿನ ಮೂಲ ಫೋಲ್ಡರಿನಲ್ಲಿ ಹಿಡಿಯುವ ಹೆಸರುಗಳಿಗೆ ಮಿತಿ ಇದೆ, ಉದ್ದ ಹೆಸರಿನ ಫೈಲುಗಳು ಆ ಮಿತಿಯನ್ನು ಬೇಗ ತಿನ್ನುತ್ತವೆ. ಜಾಗ ಖಾಲಿ ಇದ್ದರೂ "ಡಿಸ್ಕ್ ಫುಲ್" ಬರುತ್ತದೆ.

ಸಿಸ್ಟಂ.ಐಎನ್‌ಐನ ವಿಕ್ಯಾಶ್ ಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್=16384 ಸೇರಿಸಿದ್ದು. ಡಿಸ್ಕ್ ಕ್ಯಾಶ್ 16 ಎಂಬಿಗಿಂತ ಬೆಳೆಯದೆ, ಉಳಿದದ್ದು ಪೇಜ್‌ಮೇಕರಿಗೆ ಸಿಗುತ್ತದೆ.

ಈ ವ್ಯವಸ್ಥೆಯಲ್ಲಿ ಅಳತೆ: ಬೂಟ್ 54 ಸೆಕೆಂಡ್ (ಮೆನುವಿನಲ್ಲಿ ಕಾದ ಸಮಯ ಬಿಟ್ಟು), ಪುಟ 1:36. ಫೋಟೋ ಮೆನುವಿನಲ್ಲಿ ತಿರುಗಿಸುವ ಕೆಲಸ 1:45.

ಎರಡು ಅಪಾಯಗಳನ್ನು ಪ್ರೆಸ್ಸಿನವರಿಗೆ ಬಿಡಿಸಿ ಹೇಳಬೇಕಾಯಿತು. ಆರ್ ಡ್ರೈವಿನಲ್ಲಿ ಇಟ್ಟದ್ದು ಕರೆಂಟ್ ಹೋದರೆ ಹೋಯಿತು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಡಿಯುವ ಊರಿನಲ್ಲಿ ಕಂಪೋಸ್ ಮಾಡುವ ಹುಡುಗ ತಿಳಿಯದೆ ಅಲ್ಲಿ ಸೇವ್ ಮಾಡಿದರೆ ಒಂದು ದಿನದ ಕೆಲಸ ನೀರುಪಾಲು. ಅದಕ್ಕೇ ಟ್ವೀಕ್‌ಯುಐನಲ್ಲಿ ಆರ್ ಡ್ರೈವ್ ಮೈ ಕಂಪ್ಯೂಟರಿನಲ್ಲಿ ಕಾಣದಂತೆ ಗುರುತು ತೆಗೆದದ್ದು. ಎರಡನೆಯದು, ಹೊಸ ತಂತ್ರಾಂಶ ಹಾಕುವಾಗ ಫೋಟೋ ಮೆನುವಿನಲ್ಲೇ ಬೂಟ್ ಮಾಡಬೇಕು. ಕೆಲವು ಇನ್‌ಸ್ಟಾಲರುಗಳು ಟೆಂಪ್‌ನಲ್ಲಿ ಫೈಲಿಟ್ಟು ರೀಬೂಟ್ ಮಾಡಿ ಮುಂದುವರಿಯುತ್ತವೆ. ರೀಬೂಟ್ ಆದಾಗ ಟೆಂಪ್ ಖಾಲಿ, ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ.

9. ಅದೇ ಬೋರ್ಡಿನಲ್ಲಿ ಲಿನಕ್ಸ್

ಬೇರೆ ಹಾರ್ಡ್ ಡಿಸ್ಕಿನಲ್ಲಿ 2.4 ಕರ್ನಲ್ ಹಾಕಿ ನೋಡಿದ್ದು. ಅಲ್ಲಿ ಪರಿಹಾರ ಇದಕ್ಕಿಂತ ಚೊಕ್ಕ. ಕರ್ನಲ್ಲಿಗೆ ಮೆಮ್=64ಎಂ ಕೊಟ್ಟು, ಬಿಟ್ಟ ಜಾಗವನ್ನು ಎಸ್‌ಎಲ್‌ರ‍್ಯಾಮ್ ಎಂಬ ಮಾಡ್ಯೂಲಿಗೆ ಒಪ್ಪಿಸಬೇಕು. ಸಿಪಿಯು ಕ್ಯಾಶ್ ಮಾಡಲಾರದ ರ‍್ಯಾಮನ್ನು ಸ್ವಾಪ್ ಆಗಿ ಬಳಸಲು ಅದು ಹೇಳಿ ಮಾಡಿಸಿದ ಮಾಡ್ಯೂಲ್. ಹೆಸರು, ಶುರುವಿನ ವಿಳಾಸ, ಉದ್ದ, ಮೂರೇ ವಿವರ: ಎಸ್‌ಎಲ್‌ರ‍್ಯಾಮ್ ಮ್ಯಾಪ್=ಸ್ವಾಪ್,0ಎಕ್ಸ್4000000,+0ಎಕ್ಸ್4000000. 0ಎಕ್ಸ್4000000 ಎಂದರೆ ಸರಿಯಾಗಿ 64 ಎಂಬಿ. ಜೊತೆಗೆ ಎಂಟಿಡಿಬ್ಲಾಕ್ ಲೋಡ್ ಮಾಡಿ, ಬರುವ ಡಿವೈಸಿನ ಮೇಲೆ ಎಂಕೆಸ್ವಾಪ್, ಆಮೇಲೆ ಸ್ವಾಪ್‌ಆನ್. ಸ್ವಾಪ್‌ಆನ್ ಕೊಡುವಾಗ ಇದಕ್ಕೆ ಹಾರ್ಡ್ ಡಿಸ್ಕಿನ ಸ್ವಾಪ್‌ಗಿಂತ ಹೆಚ್ಚಿನ ಪ್ರಾಶಸ್ತ್ಯ ಕೊಡಬೇಕು, ಇಲ್ಲದಿದ್ದರೆ ಇದ್ದೂ ಇಲ್ಲದಂತೆ. ಮಾಡ್ಯೂಲ್ ಲೋಡ್ ಆಗದಿದ್ದರೆ ಮೊದಲು ಮೆಮ್= ಸಾಲು ನಿಜಕ್ಕೂ ಕರ್ನಲ್ಲಿಗೆ ತಲುಪಿದೆಯೇ ಎಂದು ನೋಡಿ. ವಿಂಡೋಸಿನಲ್ಲಿ ಸೋತ ಉಪಾಯ ಇಲ್ಲಿ ಗೆಲ್ಲುವುದಕ್ಕೆ ಕಾರಣ ಇಷ್ಟೇ: ನಡುವೆ ಡಾಸ್ ಇಲ್ಲ.

10. ಬೇರೆ ಬೋರ್ಡ್ ಕೈಗೆ ಬಂದರೆ

430ಎಫ್‌ಎಕ್ಸ್, 430ವಿಎಕ್ಸ್: 128 ಎಂಬಿವರೆಗೆ ಹಿಡಿಯುತ್ತವೆ, ಕ್ಯಾಶ್ 64ಕ್ಕೇ ನಿಲ್ಲುತ್ತದೆ. 430ಎಚ್‌ಎಕ್ಸ್ ಇವುಗಳಲ್ಲೆಲ್ಲ ಉತ್ತಮ, ಟ್ಯಾಗನ್ನು 11 ಬಿಟ್ಟಿಗೆ ವಿಸ್ತರಿಸಿದ್ದರೆ 512 ಎಂಬಿ ಪೂರ್ತಿ ಕ್ಯಾಶ್ ಆಗುತ್ತದೆ. ಆದರೆ ಎಷ್ಟೋ ಬೋರ್ಡುಗಳಲ್ಲಿ ಎರಡನೇ ಟ್ಯಾಗ್ ಚಿಪ್ಪಿನ ಜಾಗ ಖಾಲಿ ಇರುತ್ತದೆ, ಬಯೋಸಿನಲ್ಲಿ 512 ಎಂದು ಆರಿಸಿದ ಮಾತ್ರಕ್ಕೆ ಆಗುವುದಿಲ್ಲ. ಬೋರ್ಡನ್ನು ಬೆಳಕಿಗೆ ಹಿಡಿದು ಆ ಸಾಕೆಟ್ ನೋಡಬೇಕು. ಮೊದಲ ಪೆಂಟಿಯಂ 2ಗಳು (233ರಿಂದ 300ರವರೆಗಿನವು) 512 ಎಂಬಿವರೆಗೆ ಕ್ಯಾಶ್ ಮಾಡುತ್ತವೆ, ಆ ಕಾಲದ ಬೋರ್ಡುಗಳಿಗೆ ಅದು ಸಾಕು.

ಪೆಂಟಿಯಂ ಪ್ರೊ ನಂತರದ ಸಿಪಿಯುಗಳಲ್ಲಿ ಯಾವ ವಿಳಾಸ ಕ್ಯಾಶ್ ಆಗಬೇಕು ಎಂಬುದನ್ನು ಬಯೋಸ್ ಎಂಟಿಆರ್‌ಆರ್ ಎಂಬ ರಿಜಿಸ್ಟರುಗಳಲ್ಲಿ ಬರೆಯುತ್ತದೆ. 4 ಜಿಬಿ ಹಾಕಿದ ಕೋರ್ 2 ಕಾಲದ ಕೆಲವು ಮೆಷಿನ್ನುಗಳು ಆಮೆಯಂತಾಗುವುದು ಬಯೋಸ್ ಕೊನೆಯ ತುಂಡನ್ನು ಅದರಲ್ಲಿ ಬರೆಯದೆ ಬಿಟ್ಟದ್ದರಿಂದ. ಲಿನಕ್ಸಿನಲ್ಲಿ /ಪ್ರಾಕ್/ಎಂಟಿಆರ್‌ಆರ್ ಫೈಲಿನ ಸಾಲುಗಳನ್ನು ಇ820 ನಕ್ಷೆಯ ಪಕ್ಕ ಇಟ್ಟು ನೋಡಿದರೆ ಬಿಟ್ಟ ತುಂಡು ಕಾಣುತ್ತದೆ. ಬಯೋಸ್ ಅಪ್‌ಡೇಟ್ ಮೊದಲ ಮದ್ದು. ಅದು ಸಿಗದಿದ್ದರೆ ಮೆಮ್= ಕೊಟ್ಟು ಆ ತುಂಡನ್ನು ಬಿಟ್ಟುಬಿಡುವುದೇ ಲೇಸು.

11. ಖರ್ಚು

64 ಎಂಬಿ ಸ್ಟಿಕ್ ಎರಡು: ₹400. ಹೊಂದದ 128 ಎಂಬಿ ಸ್ಟಿಕ್: ₹250. ಸಿಆರ್2032: ₹40. ಐಸೊಪ್ರೊಪೈಲ್ ಆಲ್ಕೋಹಾಲ್ 100 ಮಿಲಿ: ₹120. ಒಟ್ಟು ₹810. 128ರ ಸ್ಟಿಕ್ಕಿನ ಹಣವನ್ನು ಪ್ರೆಸ್ಸಿನವರ ಬಿಲ್ಲಿಗೆ ಸೇರಿಸಿಲ್ಲ, ಅದು ಪೆಂಟಿಯಂ 3 ಬೋರ್ಡಿಗೆ ಹೋಯಿತು.

ಹಳೆಯ 32 ಎಂಬಿ ಸ್ಟಿಕ್ಕುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿನಲ್ಲಿ ಹಾಕಿ ವಾಪಸ್ ಕೊಟ್ಟಿದೆ. ಕ್ಯಾಬಿನೆಟ್ ಮುಚ್ಚಳದ ಒಳಬದಿಗೆ ಅಂಟಿಸಿದ ಚೀಟಿಯಲ್ಲಿ ಇರುವುದು: ಚಿಪ್‌ಸೆಟ್ 430ಟಿಎಕ್ಸ್, ಕ್ಯಾಶ್ ಗಡಿ 64 ಎಂಬಿ, ರ‍್ಯಾಮ್ ಚಿಪ್ 64 ಮೆಗಾಬಿಟ್ ಮಾತ್ರ, ಮೆಮೊರಿ ಹೋಲ್ ಆಫ್, ಎಕ್ಸ್‌ಟರ್ನಲ್ ಕ್ಯಾಶ್ ಆನ್, ಬ್ಯಾಟರಿ ಬದಲಿಸಿದ ತಿಂಗಳು, ಮತ್ತು ಎಕ್ಸ್‌ಎಂಎಸ್‌ಡಿಎಸ್‌ಕೆ ಸಾಲಿನಲ್ಲಿ /ಟಿ ತೆಗೆಯಬಾರದು ಎಂಬುದು.